ಹುಬ್ಬಿನ ನಡುವೆ

ಕರೆಂಟು ಇಲ್ಲದ ದಿನ ಗಜೇಂದ್ರಗಡದ ಆ ಓಣಿಗೆ ಕಿವಿ ಬರುತ್ತದೆ. ಮಿಕ್ಕ ದಿನಗಳಲ್ಲಿ ಹಿಂದಿನ ಸಾಲಿನ ಪಾವರ್‌ಲೂಮ್ ಶೆಡ್ಡುಗಳ ಗದ್ದಲದಲ್ಲಿ ಮುಳುಗಿಹೋಗುವ ಸಣ್ಣಪುಟ್ಟ ಸದ್ದುಗಳೆಲ್ಲ ಅಂದು ಹೊರಗೆ ಬರುತ್ತವೆ. ಯಾರೋ ರೊಟ್ಟಿ ಬಡಿಯುವುದು, ಯಾರದೋ ಕೂಸು ಕೆಮ್ಮುವುದು, ಎದುರುಮನೆಯ ಕಳಕವ್ವ ತನ್ನ ಎಮ್ಮೆಯನ್ನು ಸೊಸೆಯನ್ನು ಬೈದ ಹಾಗೆ ಬೈಯುವುದು. ಬದರುನ್ನಿಸಾ ಹೊಸ್ತಿಲ ಬಳಿ ಬೆಳಕಿಗೆ ಮುಖ ಮಾಡಿ ಕೂತು, ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಒಳಗಿನಿಂದ ಇನ್ನೊಂದು ಸದ್ದೂ ಬರುತ್ತಿತ್ತು. ಅವಳ ಗಂಡ ಅಲ್ಲಾವುದ್ದೀನ ಗುನುಗುತ್ತಿದ್ದ. ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿರುವ ಆ ಮನುಷ್ಯನಿಗೆ ತಾನು ಗುನುಗುತ್ತಿರುವುದೂ ಕೇಳುವುದಿಲ್ಲ. ರಾಗ ಎತ್ತೆತ್ತಲೋ ಹೋಗಿ ಹೇಗೋ ತಿರುಗಿ ಬರುತ್ತಿತ್ತು. ವರ್ಷಗಟ್ಟಲೆ ಇಲ್ಲದ ಗುನುಗು ಒಂದು ವಾರದಿಂದ ಶುರುವಾಗಿದೆ. ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತು. ಅವಳ ಎರಡು ಹುಬ್ಬಿನ ನಡುವೆ ಇಷ್ಟು ಕಾಲ ನಿಂತಿದ್ದ ಎರಡು ಆಳವಾದ ಗೆರೆಗಳು ಹೋಗಿವೆ. ಹೋದದ್ದನ್ನು ಕಂಡು ಅವನು, ಹೆಂಡತಿಯ ಸಿಟ್ಟು ಇಳಿಯಿತು, ಕೊನೆಗೂ ತನ್ನನ್ನು ಮಾಫ್ ಮಾಡಿದಳು ಎಂದುಕೊಂಡಿದ್ದಾನೆ. ಅವಳು ಮಾಫ್ ಮಾಡಿಲ್ಲ. ಹುಬ್ಬಳ್ಳಿಗೆ ಹೋಗಿ ಹಣೆಗೆ ಸೂಜಿ ಚುಚ್ಚಿಸಿಕೊಂಡು ಬಂದಿದ್ದಾಳೆ, ಅಷ್ಟೆ.

ಕೊಡದೇ ಇದ್ದದ್ದನ್ನು ಕೊಟ್ಟ ಹಾಗೆ ತೋರಿಸುವುದಕ್ಕೆ ಏನೆನ್ನಬೇಕು? ಕಳ್ಳತನವಂತೂ ಅಲ್ಲ, ಸುಳ್ಳು ಎನ್ನಲು ಬಾಯಿ ತೆರೆದಿಲ್ಲ. ಅವಳು ಸೂಜಿಗೆ ದಾರ ಪೋಣಿಸಲು ಕಣ್ಣು ಕಿರಿದು ಮಾಡಿದಳು. ಕಣ್ಣು ಕಿರಿದಾಯಿತು, ಹುಬ್ಬು ಹತ್ತಿರ ಬರಲಿಲ್ಲ. ಅಲ್ಲಿ ಏನೋ ಎಳೆದಂತಾಗಿ ಸುಮ್ಮನಾಯಿತು. ಹುಬ್ಬಿನ ಮೇಲೆ ಒದ್ದೆ ಬಟ್ಟೆ ಹಾಕಿ ಕೂತಂತೆ ಒಂದು ಭಾರ, ನೋವಲ್ಲ. ನೋವಾಗಿದ್ದರೆ ಚಲೋ ಇತ್ತು ಎನಿಸಿತು ಅವಳಿಗೆ. ನೋವಿದ್ದರೆ ಮಾಡಿದ್ದಕ್ಕೆ ಅನುಭವಿಸುತ್ತಿದ್ದೇನೆ ಎಂಬ ಸಮಾಧಾನವಾದರೂ ಇರುತ್ತಿತ್ತು.

ಅವಳು ಕೂತ ಜಾಗದಲ್ಲಿ ನೆಲದ ಫರಸಿಕಲ್ಲು ಉಳಿದ ನೆಲಕ್ಕಿಂತ ಹೊಸದು. ಅದರ ಕೆಳಗೆ ಅವಳ ಮಗ್ಗದ ಕುಣಿ ಇತ್ತು. ಪಡಸಾಲೆಯಲ್ಲಿ ಆಗ ಎರಡು ಮಗ್ಗ, ಎದುರುಬದುರು. ಬಾಗಿಲ ಕಡೆಯದು ಅವಳದು, ಒಳಗಿನದು ಅವನದು. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಇಬ್ಬರೂ ಬೆಳಗಿನಿಂದ ಸಂಜೆತನಕ ನೇಯಬೇಕು. ಎರಡೂ ಒಟ್ಟಿಗೆ ನಡೆದರೆ ಮಾತು ಕೇಳುವುದಿಲ್ಲ, ಕೂಗಿ ಮಾತಾಡೋಣವೆಂದರೆ ಒಳಗೆ ಅತ್ತೆ. ಹಾಗಾಗಿ ಮದುವೆಯಾದ ಹೊಸತರಲ್ಲೇ ಇಬ್ಬರ ಮಾತು ಹುಬ್ಬಿಗೆ ಏರಿತು. ಎರಡೂ ಹುಬ್ಬು ಎತ್ತಿದರೆ, ಚಹಾ ಮಾಡಲೇನು. ಒಂದೇ ಎತ್ತಿದರೆ, ಅತ್ತೆ ನೋಡುತ್ತಿದ್ದಾಳೆ, ನಗಬೇಡಿ. ಹುಬ್ಬು ಗಂಟು ಹಾಕಿದರೆ, ನನ್ನ ಮಗ್ಗದ ಹಾಸುನೂಲಿನಲ್ಲಿ ಎಳೆ ಹರಿದಿದೆ, ನಿಮ್ಮ ಮಗ್ಗ ನಿಲ್ಲಿಸಿ ಬನ್ನಿ. ಅವನು ಕೂಡಲೇ ನಿಲ್ಲಿಸುತ್ತಿದ್ದ. ಕುಣಿಯಿಂದ ಕಾಲು ಎತ್ತಿ, ಈ ಕಡೆ ಬಂದು, ಹರಿದ ಎಳೆಯ ಎರಡು ತುದಿ ಹಿಡಿದು ಕೂರುತ್ತಿದ್ದ, ಅವಳು ಗಂಟು ಹಾಕುವ ತನಕ. ಎಷ್ಟೋ ಸಲ ಎಳೆ ಹರಿದಿರುತ್ತಲೇ ಇರಲಿಲ್ಲ. ಅವಳು ಸುಮ್ಮನೇ ಗಂಟಿಕ್ಕುತ್ತಿದ್ದಳು, ಬರಲಿ ಎಂದು. ಅವನಿಗೂ ಅದು ಗೊತ್ತಿತ್ತು. ಬಂದು, ಇಲ್ಲದ ಎಳೆಯನ್ನು ಬಗ್ಗಿ ಹುಡುಕುತ್ತಿದ್ದ, ಅತ್ತೆಗೆ ಕಾಣುವ ಹಾಗೆ. ಆ ಎರಡು ಗೆರೆ ಹುಟ್ಟಿದ್ದು ಹಾಗೆ. ಹುಟ್ಟಿದಾಗ ಅವುಗಳಲ್ಲಿ ಸಿಟ್ಟಿನ ಹೆಸರೂ ಇರಲಿಲ್ಲ.

ಸಿಟ್ಟು ಬಂದು ಆ ಗೆರೆಗಳಲ್ಲಿ ಕೂತದ್ದು ಹೊಳೆ ಬಂದ ವರ್ಷ. ಹೊಳೆಮಣ್ಣೂರಿನಲ್ಲಿ ಅಕ್ಕ ರಾಜಮಾಳ ಮನೆಯೊಳಗೆ ಮಲಪ್ರಭೆ ನುಗ್ಗಿ, ಗೋಡೆ ಬಿದ್ದು, ಕಾಳಿನ ಚೀಲ ಮೊಳೆತು ನಾರುತ್ತಿದ್ದವು. ಬದರುನ್ನಿಸಾ ಅಲ್ಲಿದ್ದು ಕೆಸರು ಬಳಿದು, ಮನೆ ಮನೆಯೆನ್ನುವಂತಾದ ಮೇಲೆ ತಿರುಗಿ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಪಡಸಾಲೆ ಅಗಲವಾಗಿ ಕಂಡಿತು. ಅವಳ ಮಗ್ಗ ಇರಲಿಲ್ಲ. ಬರೀ ಕುಣಿ. ಕುಣಿಯೊಳಗೆ ಒಂದು ಕೋಳಿ ಕೂತಿತ್ತು, ಮೊದಲಿನಿಂದಲೂ ಅದು ತನ್ನ ಜಾಗವೇ ಎಂಬಂತೆ ಕತ್ತು ಓರೆ ಮಾಡಿ ಅವಳನ್ನು ನೋಡಿತು. ಅವಳ ತಾಯಿ ಕೂತು ನೇಯುತ್ತಿದ್ದ ಮಗ್ಗ, ತವರಿನಿಂದ ಬಂಡಿಯ ಮೇಲೆ ಬಂದದ್ದು. ಎದುರಿಗೆ ಅವನ ಮಗ್ಗ ಇದ್ದಲ್ಲೇ ಇತ್ತು, ಅದರ ಮೇಲೆ ಅರ್ಧ ನೇಯ್ದ ಸೀರೆ. ‘ಮರ ಚಲೋ ಇತ್ತು, ಕೇಳಾಕ ಬಂದಿದ್ರು, ಕೊಟ್ಟೆ,’ ಎಂದ ಅವನು, ಅವಳ ಕಡೆ ನೋಡದೆ. ರೋಣದ ಬಡಿಗನೊಬ್ಬ ಬಾಗಿಲ ಚೌಕಟ್ಟಿಗೆಂದು ಒಯ್ದನಂತೆ. ಅವಳು ಆಗ ಒಂದೇ ಮಾತು ಆಡಿದ್ದಳು: ‘ನನ್ನನ್ನ ಒಂದ ಮಾತ ಕೇಳದ ಕಿವಿ ಇದ್ರೆಷ್ಟು, ಹೋದ್ರೆಷ್ಟು.’ ಮರುವರ್ಷ ಅವನ ಮಗ್ಗವೂ ಪಡಸಾಲೆಯಿಂದ ಎದ್ದುಹೋಯಿತು. ಅವನು ಪಾವರ್‌ಲೂಮ್ ಶೆಡ್ಡಿಗೆ ಹೋಗತೊಡಗಿದ. ಸುತ್ತಲೂ ಹನ್ನೆರಡು ಕಬ್ಬಿಣದ ಮಗ್ಗ, ತಗಡಿನ ಸೂರು. ಮೊದಲು ಎಡಗಿವಿ ಹೋಯಿತು, ಆಮೇಲೆ ಬಲಗಿವಿ. ಶೆಡ್ಡಿನಲ್ಲಿ ಕೆಲಸ ಮಾಡುವ ಎಲ್ಲರದ್ದೂ ಹೋಗುತ್ತದೆ, ಅದೇನು ಹೊಸದಲ್ಲ ಎಂದು ಓಣಿಯೆಲ್ಲ ಹೇಳಿತು. ಅವಳು ಮಾತ್ರ, ಶೆಡ್ಡಿಗಿಂತ ಮೊದಲು ತನ್ನ ಬಾಯಿ ಆ ಕೆಲಸ ಶುರುಮಾಡಿತ್ತು ಎಂದು ತಿಳಿದಿದ್ದಳು.

ಕಿವಿ ಹೋದ ಮೇಲೆ ಅವನಿಗೆ ಅವಳ ದನಿ ಇಲ್ಲವಾಯಿತು, ಮುಖವೊಂದೇ ಉಳಿಯಿತು. ಮುಖ ನೋಡಿದಾಗಲೆಲ್ಲ ಆ ಎರಡು ಗೆರೆ. ಅವಳು ಬದನೆಕಾಯಿ ಹೆಚ್ಚುತ್ತಿದ್ದರೂ, ಬಿಸಿಲಿಗೆ ಕಣ್ಣು ಮುಚ್ಚಿ ತೆರೆದರೂ, ಕೊಣ್ಣೂರಿನಲ್ಲಿರುವ ಮಗಳನ್ನು ನೆನೆದು ಸುಮ್ಮನೆ ಕೂತರೂ ಗೆರೆ ಇದ್ದೇ ಇರುತ್ತಿತ್ತು. ಅವನು ತಟ್ಟೆಯ ಮುಂದೆ ಕೂತು, ತನಗೆ ಕೇಳದ ಕಾರಣ ಮೂರು ಮನೆಗೆ ಕೇಳುವ ದನಿಯಲ್ಲಿ, ‘ಇವತ್ತೇನ ತಪ್ಪ ಮಾಡೇನಿ?’ ಎನ್ನುವನು. ಅವಳು ಕೈ ಅಲ್ಲಾಡಿಸುವಳು, ಏನಿಲ್ಲ. ‘ಮತ್ಯಾಕ ಸಿಟ್ಟು?’ ಮತ್ತೆ ಕೈ, ಸಿಟ್ಟಿಲ್ಲ. ಎದುರಿಗೆ ಕಳಕವ್ವ ಎಮ್ಮೆಯ ಮೈ ತಿಕ್ಕುತ್ತ ನಗುವಳು. ‘ಬದ್ರವ್ವ, ನಿನ್ನ ಮಾರಿ ನೋಡಿ ಮಜ್ಜಿಗಿ ಕೇಳಾಕ ಬಂದಾಕಿ ತಂಬಿಗಿ ಬಿಟ್ಟು ಹೋದಾಳ ನೋಡವ್ವ!’ ಜಕ್ಕಲಿಯ ಒಂದು ಮದುವೆಯಲ್ಲಿ ಫೋಟೋದವನು ಎಲ್ಲರ ಮುಂದೆ, ‘ಅಕ್ಕಾರ, ಒಂಚೂರು ನಗ್ರಿ,’ ಎಂದ. ಅವಳು ಆಗಲೇ ನಗುತ್ತಿದ್ದಳು. ನಗುತ್ತಿದ್ದವಳಿಗೆ ನಗು ಎಂದರೆ ಏನು ಮಾಡಬೇಕು? ಗಂಡ ಪಕ್ಕದಲ್ಲಿ ನಿಂತು, ತನ್ನದೇ ತಪ್ಪು ಎಂಬಂತೆ ತಲೆ ಬಗ್ಗಿಸಿದ. ಅವನು ತಲೆ ಬಗ್ಗಿಸಿದ್ದು ಅವಳಿಗೆ ಫೋಟೋದವನ ಮಾತಿಗಿಂತ ಹೆಚ್ಚು ನಾಟಿತು. ಒಂದು ಕಾಲಕ್ಕೆ ಅದೇ ಗೆರೆ ನೋಡಿ ಮಗ್ಗ ನಿಲ್ಲಿಸಿ ಬರುತ್ತಿದ್ದವನು, ಈಗ ಅದನ್ನೇ ನೋಡಿ ಹಿಂದೆ ಸರಿಯುತ್ತಾನೆ.

ಅಕ್ಕನ ಮಗಳು ಯಾಸ್ಮಿನ ಹುಬ್ಬಳ್ಳಿಯ ಚರ್ಮದ ದವಾಖಾನೆಯೊಂದರಲ್ಲಿ ಚೀಟಿ ಕೊಡುವ ಕೆಲಸದಲ್ಲಿದ್ದಳು. ರಮಜಾನಿಗೆ ಬಂದವಳು ತನ್ನ ಖಾಲಾಳ, ಚಿಕ್ಕಮ್ಮನ, ಹಣೆಯನ್ನು ಬೆರಳಿನಿಂದ ಮುಟ್ಟಿ, ಇದಕ್ಕೆ ಸೂಜಿ ಬಂದಿದೆ ಎಂದಳು. ಸಿನಿಮಾದವರು ಹಾಕಿಸಿಕೊಳ್ಳುತ್ತಾರೆ, ಈಗ ಹುಬ್ಬಳ್ಳಿಗೂ ಬಂದಿದೆ. ಡಾಕ್ಟರುಗಳಿಗೆ ಕಲಿಸಲು ಹೊರಗಿನಿಂದ ದೊಡ್ಡ ಡಾಕ್ಟರು ಬರುವ ದಿನ ಪುಕ್ಕಟೆ ಹಾಕುತ್ತಾರೆ, ಹಣೆ ಕೊಡುವವರು ಬೇಕು. ‘ಆದ್ರ ಖಾಲಾ, ಮೊದಲ ತಿಳ್ಕೋ. ಅದು ಸಿಟ್ಟು ತಗ್ಯೂದಿಲ್ಲ. ಕಾಣದಂಗ ಮಾಡತೈತಿ ಅಷ್ಟs.’

‘ನನಗೆಲ್ಲಿ ಸಿಟ್ಟೈತೆವ್ವ? ಮಾರಿ ಸುಳ್ಳ ಹೇಳತೈತಿ,’ ಎಂದಿದ್ದಳು ಬದರುನ್ನಿಸಾ. ಹೇಳುವಾಗ ಅದು ಖರೇ ಎಂದೇ ಅನಿಸಿತ್ತು. ಆ ಮಗ್ಗದ ಮಾತು ಹಳೆಯದಾಯಿತು, ಮರೆತಿದ್ದೇನೆ, ಉಳಿದಿರುವುದು ಬರೀ ಚರ್ಮದ ಮಡಿಕೆ, ಅದನ್ನು ತೆಗೆಸಿದರೆ ಅವನು ತಲೆ ಎತ್ತಿ ಊಟ ಮಾಡುತ್ತಾನೆ. ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋಗುತ್ತೇನೆ ಎಂದು ಕೈಸನ್ನೆಯಲ್ಲೇ ಗಂಡನಿಗೆ ಹೇಳಿ ಬಸ್ಸು ಹತ್ತಿದಳು.

ದವಾಖಾನೆಯ ತಣ್ಣನೆಯ ಕೋಣೆಯಲ್ಲಿ ಒಬ್ಬಳು ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಯಾಸ್ಮಿನ ನಡುವೆ ನಿಂತು ತಿಳಿಸಿ ಹೇಳಿದಳು. ರಕ್ತ ತೆಳುವಾಗುವ ಗುಳಿಗೆ ತಗೊಳ್ಳುತ್ತೀರಾ? ಇಲ್ಲ. ನರದ ಜಡ್ಡು, ಮೈಕೈ ಸೋಲುವುದು, ನುಂಗಲು ತೊಂದರೆ ಏನಾದರೂ? ಇಲ್ಲ. ಬಸುರಿಯೇನಾದರೂ? ಮೊಮ್ಮಗ ಸಾಲಿಗೆ ಹೋಗುವ ವಯಸ್ಸಿನಲ್ಲಿ ಈ ಪ್ರಶ್ನೆಗೆ ಬದರುನ್ನಿಸಾಳಿಗೆ ನಗು ಬಂತು, ಡಾಕ್ಟರಮ್ಮ ನಗಲಿಲ್ಲ. ಇದು ಕೂಡಲೇ ಕಾಣುವುದಿಲ್ಲ, ಕೆಲವು ದಿನ ಬೇಕು, ಪೂರ್ತಿ ಕಾಣಲು ಎರಡು ವಾರವೂ ಆಗಬಹುದು. ಮೂರ್ನಾಲ್ಕು ತಿಂಗಳಿಗೆ ಇಳಿದುಹೋಗುತ್ತದೆ, ಗೆರೆ ತಿರುಗಿ ಬರುತ್ತದೆ. ನಡುವೆ ಬೇಡವೆನಿಸಿದರೆ ತೆಗೆಯಲು ಔಷಧಿಯಿಲ್ಲ, ಇಳಿಯುವ ತನಕ ಕಾಯಬೇಕು. ತಲೆ ನೋಯಬಹುದು, ಸೂಜಿ ಬಿದ್ದಲ್ಲಿ ನೀಲಿ ಬರಬಹುದು, ಒಬ್ಬೊಬ್ಬರಿಗೆ ರೆಪ್ಪೆ ಜೋಲುತ್ತದೆ, ಅದೂ ಹೋಗುತ್ತದೆ. ಉಸಿರಾಟಕ್ಕೋ ನುಂಗುವುದಕ್ಕೋ ತೊಂದರೆಯಾದರೆ ತಡಮಾಡದೆ ದವಾಖಾನೆಗೆ ಹೋಗಬೇಕು. ಹಾಕಿಸಿಕೊಂಡ ಮೇಲೆ ನಾಲ್ಕು ತಾಸು ಮಲಗಬಾರದು, ಬಗ್ಗಬಾರದು, ಅವತ್ತು ಹಣೆ ತಿಕ್ಕಬಾರದು, ಒತ್ತಬಾರದು. ಡಾಕ್ಟರಮ್ಮ ಒಳ್ಳೆಯವಳು, ಯಾವುದನ್ನೂ ಮುಚ್ಚಿಡಲಿಲ್ಲ, ಮನಸ್ಸಿಲ್ಲದಿದ್ದರೆ ಈಗಲೂ ಎದ್ದು ಹೋಗಬಹುದು ಎಂದಳು. ಈ ಮುಖವನ್ನು ಓದಿಕೊಂಡು ಬದುಕುವವರು ಮನೆಯಲ್ಲಿ ಯಾರಾದರೂ ಇದ್ದಾರೇನು ಎಂದು ಮಾತ್ರ ಕೇಳಲಿಲ್ಲ. ಅದನ್ನು ಅವಳಾದರೂ ಹೇಗೆ ಕೇಳಬೇಕು.

ಒಳಗೆ ದೊಡ್ಡ ಕುರ್ಚಿ. ಸುತ್ತ ಐದಾರು ಜನ ಡಾಕ್ಟರುಗಳು ನಿಂತು ಬದರುನ್ನಿಸಾಳ ಹಣೆಯನ್ನು, ಸಂತೆಯಲ್ಲಿ ಹೋರಿಯ ಹಲ್ಲು ನೋಡುವವರಂತೆ ನೋಡಿದರು. ತಲೆಯ ಮೇಲಿನ ಸೆರಗನ್ನು ಹಿಂದೆ ಸರಿಸಿ ಯಾರೋ ಬಿಳಿ ಪಟ್ಟಿ ಕಟ್ಟಿದರು. ಅಷ್ಟು ಗಂಡಸರ ಮುಂದೆ ತೆರೆದ ತಲೆ. ಅವಳು ಕಣ್ಣು ಮುಚ್ಚಿಕೊಂಡಳು. ‘ಅಮ್ಮಾ, ಸ್ವಲ್ಪ ಕೋಪ ಮಾಡ್ಕೊಳ್ಳಿ ನೋಡೋಣ,’ ಎಂದರು ದೊಡ್ಡ ಡಾಕ್ಟರು. ಎಲ್ಲಿ ಚುಚ್ಚಬೇಕೆಂದು ತಿಳಿಯಲು ಗಂಟು ಪೂರ್ತಿ ಬೀಳಬೇಕಂತೆ. ಅವಳು ಹುಬ್ಬು ಕೂಡಿಸಿದಳು. ‘ಹೀಗಲ್ಲ, ನಿಜವಾದ ಕೋಪ. ಯಾರ ಮೇಲಾದರೂ ಇರುತ್ತಲ್ಲ?’ ಯಾರೋ ನಕ್ಕರು. ಅವಳಿಗೆ ಬರಲಿಲ್ಲ. ಬಾಡಿಗೆಗೆ ತಂದ ಹಣೆ ಕೆಲಸ ಮಾಡದೆ ಅಷ್ಟು ಜನ ದೊಡ್ಡವರ ಹೊತ್ತು ಹಾಳಾಗುತ್ತಿದೆ ಎಂದು ನಾಚಿಕೆಯಾಯಿತು. ಆಗ ಕೋಳಿ ಕಂಡಿತು. ಖಾಲಿ ಕುಣಿಯಲ್ಲಿ ಕತ್ತು ಓರೆ ಮಾಡಿ ಕೂತ ಕೋಳಿ, ಎದುರಿಗೆ ಅರ್ಧ ಸೀರೆ ಹೊತ್ತು ನಿಂತ ಅವನ ಮಗ್ಗ, ಅವಳ ಕಡೆ ನೋಡದೆ ‘ಕೊಟ್ಟೆ’ ಎಂದ ದನಿ. ‘ಹಾಂ! ಇದು! ಹಾಗೇ ಹಿಡ್ಕೊಂಡಿರಿ,’ ಎಂದರು ಡಾಕ್ಟರು, ಖುಷಿಯಿಂದ. ಬಿಳಿ ಪೆನ್ಸಿಲಿನಿಂದ ಚುಕ್ಕೆ ಇಟ್ಟರು, ಫೋಟೋ ತೆಗೆದರು, ಎಂಥ ಗಟ್ಟಿ ಸ್ನಾಯು ನೋಡಿ ಎಂದು ಉಳಿದವರಿಗೆ ತೋರಿಸಿದರು. ಅವಳು ಹಿಡಿದೇ ಇದ್ದಳು. ಬಿಡಲು ಆಗಲಿಲ್ಲ. ಮರೆತಿದ್ದೇನೆ ಎಂದುಕೊಂಡದ್ದು ಒಂದು ಎಳೆಯೂ ಹರಿಯದೆ ಒಳಗೆ ಹಾಗೇ ಇತ್ತು. ಅದನ್ನು ತಾನೇ ತೆಗೆದು ಪರಸ್ಥಳದವರ ಕೈಗೆ ಕೊಟ್ಟು, ಇಲ್ಲಿ ಚುಚ್ಚಿರಿ ಎಂದಿದ್ದಳು. ಆಗಲೂ ಏಳಬಹುದಿತ್ತು. ಇಷ್ಟೆಲ್ಲ ಆದಮೇಲೆ ಬೇಡವೆಂದರೆ ಯಾಸ್ಮಿನಳ ಮಾನ ಹೋಗುತ್ತದೆ ಎಂದು ಏಳಲಿಲ್ಲ. ಸೂಜಿ ಇರುವೆ ಕಚ್ಚಿದಷ್ಟೂ ನೋಯಲಿಲ್ಲ.

ಬಸ್ಸಿನಲ್ಲಿ ನಿದ್ದೆ ತೂಗಿ ಬಂದಾಗಲೆಲ್ಲ ಮುಂದಿನ ಸೀಟಿನ ಸರಳಿಗೆ ಹಣೆ ಬಡಿದೀತೆಂದು ಬೆಚ್ಚಿ ನೆಟ್ಟಗೆ ಕೂತಳು. ಜಕ್ಕಲಿ ದಾಟುವಾಗ ಹೊತ್ತು ಇಳಿದಿತ್ತು. ಮನೆ ಮುಟ್ಟಿ ಕೈಕಾಲು ತೊಳೆಯುವಷ್ಟರಲ್ಲಿ ಸಂಜೆಯ ಮಗ್ರಿಬಿನ ಬಾಂಗು ಆಯಿತು. ಚಾಪೆ ಹಾಸಿ ನಿಂತ ಮೇಲೆ ಅವಳಿಗೆ ಅದು ಹೊಳೆಯಿತು. ಸಜ್ದಾದಲ್ಲಿ ಬಗ್ಗಬೇಕು, ಹಣೆಯನ್ನು ನೆಲಕ್ಕೆ ಒತ್ತಬೇಕು. ಡಾಕ್ಟರಮ್ಮ ಬೇಡವೆಂದ ಎರಡೂ. ಅವಳು ಮೈಯಲ್ಲಿ ಆಗದವರು ಮಾಡುವ ಹಾಗೆ ಕೂತಲ್ಲೇ, ತಲೆಯನ್ನಷ್ಟೇ ತುಸು ಬಾಗಿಸಿ ನಮಾಜು ಮುಗಿಸಿದಳು. ಮೈಯಲ್ಲಿ ಎಲ್ಲ ಆಗುತ್ತಿತ್ತು. ಹಣೆಯ ಒಂದು ಮಡಿಕೆಗಾಗಿ ದೇವರ ಮುಂದೆ ಜಡ್ಡಿನ ಸೋಗು ಹಾಕಿದೆನಲ್ಲ ಎಂದುಕೊಳ್ಳುತ್ತ ಚಾಪೆ ಮಡಿಸಿದಳು. ಗಂಡ ಅದನ್ನು ನೋಡಿದ್ದ. ಕುತ್ತಿಗೆ ಉಳುಕಿದೆಯೋ ತಲೆನೋವೋ ಎಂದುಕೊಂಡು ಬಟ್ಟಲಲ್ಲಿ ಎಣ್ಣೆ ಬಿಸಿ ಮಾಡಿ ತಂದ. ಎಷ್ಟೋ ವರ್ಷದ ಮೇಲೆ ತಾನಾಗಿ ಹತ್ತಿರ ಬಂದು ಕೂತು, ಎಣ್ಣೆಯ ಹೆಬ್ಬೆಟ್ಟನ್ನು ಅವಳ ಹುಬ್ಬಿನ ನಡುವೆ ಇಡಲು ಕೈ ಚಾಚಿದ. ಅವಳು ಗಪ್ಪನೆ ತಲೆ ಹಿಂದಕ್ಕೆಳೆದುಕೊಂಡಳು, ಗೋಡೆಗೆ ಬಡಿಯುವಷ್ಟು. ತಿಕ್ಕಬಾರದು ಎಂದು ಹೇಳುವುದಕ್ಕೆ ಇಬ್ಬರ ನಡುವೆ ಯಾವ ಸನ್ನೆಯೂ ಇರಲಿಲ್ಲ. ಅವನು ಬಟ್ಟಲು ಅಲ್ಲೇ ಇಟ್ಟು ಎದ್ದುಹೋದ. ಎಣ್ಣೆ ಆರಿತು.

ಆಮೇಲಿನ ದಿನಗಳಲ್ಲಿ ಹಣೆ ಸ್ವಲ್ಪಸ್ವಲ್ಪವಾಗಿ ಮಾತು ಬಿಟ್ಟಿತು. ಮೊದಲು ಕಂಡವಳು ಕಳಕವ್ವ. ‘ಏನ ತಿಂದೀಯವ್ವ, ಮಾರಿ ಹುಡಿಗ್ಯಾರಂಗ ಆಗೈತಿ!’ ಎಂದಳು. ಗಂಡ ಕಂಡರೂ ಮೊದಲು ನಂಬಲಿಲ್ಲ. ತಟ್ಟೆಯ ಮುಂದೆ ಕೂತು ಬಾಯಿ ತೆರೆದ, ‘ಇವತ್ತೇನ...’ ಎಂದು ನಿಲ್ಲಿಸಿ ಅವಳನ್ನೇ ನೋಡಿದ. ಪ್ರಶ್ನೆ ಅಲ್ಲಿಗೇ ಬಿತ್ತು. ಮರುದಿನ ಎರಡನೇ ರೊಟ್ಟಿ ತಾನೇ ಕೇಳಿ ತಗೊಂಡ. ಅದರ ಮರುದಿನ ಶೆಡ್ಡಿನ ಒಂದು ತಮಾಷೆ ಹೇಳಿ ತಾನೇ ದೊಡ್ಡದಾಗಿ ನಕ್ಕ. ಅವಳು ಬೇಕೆಂದಿದ್ದು ಇದೇ, ಇಷ್ಟೇ. ಹಾಗಿದ್ದರೂ ಅವನ ನಗು ಕೇಳಿದಾಗ ಒಳಗೆ ಭುಗ್ಗೆಂದಿತು. ಯಾರನ್ನು ಕೇಳಿ ನಗುತ್ತೀರಿ, ಯಾರು ಮಾಫ್ ಮಾಡಿದರು ನಿಮಗೆ? ಅವಳು ಸ್ಟೀಲು ತಟ್ಟೆಯ ಹಿಂಬದಿಯಲ್ಲಿ ಮುಖ ನೋಡಿಕೊಂಡಳು. ಭುಗ್ಗೆಂದದ್ದರ ಸುಳಿವೂ ಅಲ್ಲಿರಲಿಲ್ಲ. ನುಣುಪಾದ, ದಯೆಯುಳ್ಳ, ಯಾರೋ ಹೆಂಗಸಿನ ಹಣೆ. ಆ ಹೆಂಗಸು ಅವಳನ್ನು ಕೇಳದೆಯೇ ಅವಳ ಗಂಡನ ಜೊತೆ ರಾಜಿ ಮಾಡಿಕೊಂಡಿದ್ದಳು. ಮಗ್ಗ ಮಾರಿದಾಗ ಅವನು ಕೇಳಲಿಲ್ಲ, ಈಗ ಈ ಹಣೆಯೂ ಕೇಳಲಿಲ್ಲ.

ಗುನುಗು ನಿಂತಿತು. ಅಲ್ಲಾವುದ್ದೀನ ಒಳಗಿನಿಂದ ಬಂದು, ಹಿಂದೆ ತನ್ನ ಮಗ್ಗವಿದ್ದ ಜಾಗದಲ್ಲಿ ಅವಳಿಗೆ ಎದುರಾಗಿ ಕೂತ. ಕೈಯಲ್ಲಿ ಹಳೆಯ ಟವೆಲಿನ ಗಂಟು. ಬಿಚ್ಚುವ ಮೊದಲು ಅವಳ ಹಣೆಯನ್ನು ಒಮ್ಮೆ ನೋಡಿಕೊಂಡ, ಹೊರಗೆ ಹೋಗುವವರು ಮೋಡ ನೋಡುವ ಹಾಗೆ. ಆಮೇಲೆ ಬಿಚ್ಚಿದ. ಒಳಗೆ ಅವಳ ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುತ್ತಿದ್ದ ಲಾಳಿ ಇತ್ತು. ಅವಳ ತಾಯಿಯ ಅಂಗೈಯೂ ಅವಳ ಅಂಗೈಯೂ ಸವರಿ ಸವರಿ ಕಪ್ಪಗೆ ಮಿರುಗುತ್ತಿದ್ದ ಮರ. ಒಂದು ತುದಿಯಲ್ಲಿ, ಬಾಲ್ಯದಲ್ಲಿ ಅವಳು ಕೆಳಗೆ ಬೀಳಿಸಿ ಒಡೆದ ಚಕ್ಕೆಯ ಗುರುತು. ಅವಳ ಕೈಯಿಂದ ಸೂಜಿ ಜಾರಿತು.

‘ಮಗ್ಗ ಕೊಟ್ಟಾಗ ಇದನ್ನ ಕೊಡಲಿಲ್ಲ,’ ಎಂದ ಅವನು, ಓಣಿಗೆಲ್ಲ ಕೇಳುವಂತೆ. ಕಳಕವ್ವನ ಬೈಗುಳ ಅರ್ಧಕ್ಕೆ ನಿಂತಿತು. ‘ಶೆಡ್ಡಿನ್ಯಾಗ ಇಟ್ಟಿದ್ದೆ. ಎಷ್ಟ ಸಲ ಕೊಡಬೇಕಂತ ಮನಿತನಾ ತಂದೇನಿ. ಬಾಗಲದಾಗ ನಿನ್ನ ಹಣಿ ನೋಡತಿದ್ದೆ, ತಿರುಗಿ ಒಯ್ಯತಿದ್ದೆ. ಈಗ ಅಂಜಿಕಿ ಇಲ್ಲ. ತಗೋ.’

ಅವಳು ತಗೊಳ್ಳಲಿಲ್ಲ. ಅವನು ಅದನ್ನು ಫರಸಿಯ ಮೇಲೆ ಮೆಲ್ಲಗೆ ಇಟ್ಟ. ವರ್ಷಗಟ್ಟಲೆ ಬಾಯಿಗೆ ಬಂದದ್ದನ್ನು ನುಂಗಿದವನು ಈಗ ತಡೆಯಲಿಲ್ಲ.

‘ರೊಕ್ಕದ ಅಡಚಣಿಗೆ ಮೊದಲ ನಂದs ಮಾರಾಕ ಹೋಗಿದ್ದೆ, ಬದ್ರು. ದೇವರಾಣಿ. ಹುಳ ತಿಂದಿತ್ತು, ಆ ಬಡಿಗ್ಯಾ ಕೈಲೆ ಒತ್ತಿ ನೋಡಿ ಬ್ಯಾಡ ಅಂದ. ನಿಂದು ಸಾಗವಾನಿ. ನಿನ್ನ ಕೇಳಬೇಕಿತ್ತು, ಖರೇ. ಕೇಳಿದ್ರ ಬ್ಯಾಡ ಅಂತಿದ್ದಿ. ಅದಕ್ಕs ನೀ ಊರಾಗ ಇಲ್ಲದಾಗ ಕೊಟ್ಟೆ.’

ಹುಳ ತಿಂದದ್ದು ಅವಳಿಗೆ ಗೊತ್ತಿರಲಿಲ್ಲ. ಅದು ಒಂದು ಕ್ಷಣ ಅವಳನ್ನು ಮೆತ್ತಗೆ ಮಾಡಿತು. ಕೊನೆಯ ಮಾತು ಮತ್ತೆ ಎಬ್ಬಿಸಿತು. ಬೇಡ ಅನ್ನುತ್ತಾಳೆಂದು ಗೊತ್ತಿದ್ದೇ, ಅವಳಿಲ್ಲದ ಹೊತ್ತು ನೋಡಿ. ಇಷ್ಟು ವರ್ಷ ಅವಳು ಊಹಿಸಿ ಊಹಿಸಿ, ಇರಲಾರದು ಎಂದು ತಳ್ಳಿಹಾಕಿದ್ದ ಮಾತನ್ನು ಅವನೇ ಬಾಯಿಬಿಟ್ಟು ಹೇಳಿದ್ದ. ಕಿವಿ ಬಿಸಿಯಾಯಿತು. ಅವನು ಅವಳ ಮುಖವನ್ನೇ ನೋಡುತ್ತಿದ್ದ, ಏಟು ಬೀಳುತ್ತದೆಂದು ಕಾಯುವವನಂತೆ. ಏಟು ಬೀಳಲಿಲ್ಲ. ಅವನ ಮುಖ ಅರಳಿತು, ಕಣ್ಣಲ್ಲಿ ನೀರು ಬಂತು.

‘ನೋಡು,’ ಎಂದು ನಕ್ಕ, ‘ಹೇಳಿದ್ರೂ ಹಣಿ ಹಂಗs ತಿಳಿ ಐತಿ! ನಾ ಸುಮ್ಮಸುಮ್ಮನs ಇಷ್ಟ ವರ್ಷ ಅಂಜಿದೆ.’

ಬದರುನ್ನಿಸಾ ಬಾಯಿ ತೆರೆದಳು. ಕೂಗಿದರೆ ತುಸು ಕೇಳೀತೇನೋ. ಅವನ ಕಿವಿಗೆ ತಾಗುವಷ್ಟು ಕೂಗಿದರೆ ಕರೆಂಟಿಲ್ಲದ ಓಣಿಯಲ್ಲಿ ಕಳಕವ್ವನಿಂದ ಹಿಡಿದು ಮಸೀದಿಯ ಕಟ್ಟೆಯ ಮೇಲೆ ಕೂತವರ ತನಕ ಕೇಳುತ್ತದೆ. ಗಂಡಹೆಂಡಿರ ಈ ಮಾತಿನಲ್ಲಿ ಅವಳ ಪಾಲು ಇಷ್ಟು ವರ್ಷ ಒಬ್ಬರ ಕಿವಿಗೂ ಬಿದ್ದಿರಲಿಲ್ಲ. ಅದು ಇದ್ದದ್ದು ಅವಳ ಹುಬ್ಬಿನ ನಡುವಿನ ಎರಡು ಬೆರಳಿನಷ್ಟು ಜಾಗದಲ್ಲಿ ಮಾತ್ರ. ಸುಮ್ಮನಿದ್ದರೆ? ಅವನು ಗುನುಗಿಕೊಂಡಿರುತ್ತಾನೆ, ರೊಟ್ಟಿ ಕೇಳಿ ತಗೊಳ್ಳುತ್ತಾನೆ. ಮೂರು ತಿಂಗಳಿಗೆ ಸೂಜಿ ಇಳಿದು ಗೆರೆ ಬರುತ್ತದೆ. ಆಗ ಅವನು ಈ ಲಾಳಿಯನ್ನು ನೆನೆದು, ತಾನು ಹೇಳಬಾರದ್ದನ್ನು ಹೇಳಿದೆ, ಮಾಫ್ ಮಾಡಿದವಳು ಮತ್ತೆ ತಿರುಗಿಬಿದ್ದಳು ಎಂದು ಇನ್ನಷ್ಟು ಕುಗ್ಗುತ್ತಾನೆ. ಅವಳಿಗೆ ಅವನನ್ನು ನೋಯಿಸಬೇಕೆಂದಿರಲಿಲ್ಲ. ಸಿಟ್ಟು ಹೋಗಲಿ ಎಂದೂ ಇತ್ತು, ಆಣೆ ಮಾಡಿ ಹೇಳುವಷ್ಟು ಇತ್ತು. ಅದು ಅವಳಿಂದ ಹೋಗಬೇಕು, ಸೂಜಿಯಿಂದಲ್ಲ.

ಅವಳು ಎರಡೂ ಕೈ ಎತ್ತಿದಳು. ಹಣೆಯ ಮೇಲೆ ಎರಡು ಕಡೆಯಿಂದ ಬೆರಳಿಟ್ಟು ಹುಬ್ಬುಗಳನ್ನು ಒಂದರ ಕಡೆಗೆ ಒಂದನ್ನು ತಳ್ಳಿದಳು. ನುಣುಪಾದ ಚರ್ಮ ಮೊದಲು ಒಪ್ಪಲಿಲ್ಲ, ಜಾರಿತು. ಇನ್ನೂ ಬಲವಾಗಿ ಹಿಡಿದು ಒತ್ತಿದಳು. ನಡುವೆ ಮಡಿಕೆ ಬಿತ್ತು. ಎರಡು ಗೆರೆ, ಅವವೇ, ಇದ್ದಲ್ಲೇ. ಹಾಗೇ ಹಿಡಿದು, ಬೆರಳುಗಳ ಕೆಳಗಿನಿಂದ ಅವನನ್ನು ನೋಡಿದಳು.

ಅಲ್ಲಾವುದ್ದೀನನ ನಗು ನಿಂತಿತು. ಮೊದಲು ಅವನಿಗೆ ಏನೆಂದು ತಿಳಿಯಲಿಲ್ಲ. ತಲೆನೋವೇ ಎಂಬಂತೆ ಮುಂದೆ ಬಾಗಿದ. ಆಮೇಲೆ ಅವನ ಕಣ್ಣು ಅವಳ ಬೆರಳಿನಿಂದ ಅವಳ ಕಣ್ಣಿಗೆ, ಅಲ್ಲಿಂದ ಫರಸಿಯ ಮೇಲಿನ ಲಾಳಿಗೆ ಹೋಗಿ ತಿರುಗಿ ಗೆರೆಗಳ ಮೇಲೆ ನಿಂತಿತು. ಮುಖ ಇಳಿಯಿತು. ಎಂದಿನಂತೆ ತಲೆ ಬಗ್ಗಿಸುತ್ತಾನೆ, ಎದ್ದುಹೋಗುತ್ತಾನೆ ಎಂದುಕೊಂಡಳು. ಅವನು ಏಳಲು ನೆಲಕ್ಕೆ ಕೈ ಊರಿಯೂ ಊರಿದ. ಹಾಗೆ ಊರಿದವನು ಮಗ್ಗದ ದಿನಗಳದ್ದೇನೋ ನೆನಪಾದಂತೆ ತಡೆದ.

‘ನಿಲ್ಲಿಸಿ ಬರಲೇನ?’ ಎಂದ ದೊಡ್ಡ ದನಿಯಲ್ಲಿ.

ಅವಳು ಹೌದೆಂದು ತಲೆಯಾಡಿಸಿದಳು.

‘ಏನ ನಿಲ್ಲಸಬೇಕಂತ ಬದ್ರವ್ವ?’ ಎಂದು ಎದುರಿನಿಂದ ಕಳಕವ್ವ ಕೂಗಿದಳು. ‘ಕರೆಂಟs ಇಲ್ಲ, ಎಲ್ಲಾ ನಿಂತs ಐತೆಲ್ಲ!’

ಬದರುನ್ನಿಸಾ ಆ ಕಡೆ ನೋಡಲಿಲ್ಲ. ಅವನು ಕಾಲುಗಳನ್ನು ಒಂದೊಂದಾಗಿ ಎತ್ತಿದ, ನೆಲದೊಳಗಿನಿಂದ ಎತ್ತುವ ಹಾಗೆ. ಪಡಸಾಲೆ ದಾಟಿ ಬಂದು, ಲಾಳಿಯನ್ನು ಪಕ್ಕಕ್ಕೆ ಸರಿಸಿ, ಹೊಸ ಫರಸಿಯ ಮೇಲೆ ಅವಳಿಗೆ ಮೊಣಕಾಲು ತಾಗುವಂತೆ ಕೂತ. ಎರಡೂ ಕೈ ಮುಂದೆ ಚಾಚಿದ, ಹೆಬ್ಬೆಟ್ಟು ತೋರುಬೆರಳು ಕೂಡಿಸಿ, ಹರಿದ ಎಳೆಯ ಎರಡು ತುದಿ ಹಿಡಿಯುವ ಹಾಗೆ. ಏನು ಹಿಡಿಯಬೇಕೆಂದು ಅವನಿಗೆ ಗೊತ್ತಿರಲಿಲ್ಲ, ಗಂಟು ಹಾಕಲು ಬರುತ್ತದೋ ಇಲ್ಲವೋ ಎಂದು ಅವಳಿಗೂ ಗೊತ್ತಿರಲಿಲ್ಲ. ಅವಳ ಬೆರಳುಗಳು ನೋಯತೊಡಗಿದವು. ಬಿಟ್ಟರೆ ಹಣೆ ಮತ್ತೆ ತಿಳಿಯಾಗುತ್ತದೆ, ಅವನು ಮತ್ತೆ ನಂಬುತ್ತಾನೆ. ಅವಳು ಬಿಡಲಿಲ್ಲ. ಅವನೂ ಕೈ ಚಾಚಿಕೊಂಡೇ ಕೂತಿದ್ದ.